ಗಂಗಪ್ಪನ ಹೆಸರಿನ ಹಣಗಿ

ಕಾಡವ್ವ ಗದ್ದೆಯಿಂದ ಬಂದಾಗ ತಲೆಯ ಮೇಲೆ ಹುಲ್ಲಿನ ಹೊರೆ ಇರಲಿಲ್ಲ. ಖಾಲಿ ಹಗ್ಗ ಹೆಗಲ ಮೇಲಿತ್ತು, ಕೈಯಲ್ಲಿ ಕಟ್ಟಿಗೆ ಹಲ್ಲಿನ ದಂತಾಳವಿತ್ತು. ದಂತಾಳವನ್ನು ಎಮ್ಮೆಯ ಗೋದಲಿಯ ಹತ್ತಿರ ಒಗೆದು, ಕೈಕಾಲಿಗೆ ನೀರು ಸಹ ಹಾಕಿಕೊಳ್ಳದೆ ಒಲೆಯ ಮುಂದೆ ಕೂತಳು.

“ಹುಲ್ಲೆಲ್ಲಿ?” ಎಂದ ಗಂಡ ಗಂಗಪ್ಪ.

“ನಿನ್ನ ಮಗನ್ನ ಕೇಳು. ನಾ ಹುಲ್ಲ ಎಳಕೋತ ಹೊಂಟಿದ್ನಿ, ಹಿಂದಿಂದ ಟ್ರ್ಯಾಕ್ಟರ್ ತಂದು ನಿಂದರಿಸಿದ. ‘ಸರಿಯವ್ವಾ, ಸಾವಕಾರ್ರು ಬದುವಿನ ಮ್ಯಾಲ ನಿಂತು ನೋಡಾಕ ಹತ್ಯಾರ’ ಅಂದ. ಹೆತ್ತ ಮಗ.”

“ಅವರ ಹೊಲ, ಅವರ ಹುಲ್ಲು. ಅಂವ ಏನ ಮಾಡಬೇಕು?”

ಈ ಮಾತಿಗೆ ಕಾಡವ್ವನ ಮೈ ಉರಿಯಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಗಪ್ಪ ಯಾವ ಜಗಳದಲ್ಲೂ ತನ್ನ ಮನೆಯ ಕಡೆಗೆ ನಿಂತವನಲ್ಲ. ಹಾಗೆ ನಿಲ್ಲಬಹುದು ಎಂಬುದೇ ಆ ಮನುಷ್ಯನಿಗೆ ಹೊಳೆದಿರಲಿಲ್ಲ.

ಕಿತ್ತೂರಿನಿಂದ ದೇಗಾಂವಕ್ಕೆ ಹೋಗುವ ಹಾದಿಯ ಬದಿಗೆ ಅವರ ಊರು. ಸಂಗಪ್ಪ ಸಾವಕಾರನ ಭತ್ತದ ಗದ್ದೆಗಳು ಹಳ್ಳದ ಗುಂಟ ಇವೆ. ಕೈಯಿಂದ ಕೊಯ್ಯುವ ಕಾಲದಿಂದಲೂ ಅಲ್ಲೊಂದು ರೂಢಿ ಇತ್ತು. ಹೊಲದವರು ತಮ್ಮ ಬಣವೆ ಒಟ್ಟಿಕೊಂಡ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲು, ಉದುರಿದ ತೆನೆ ಕೆಲಸಕ್ಕೆ ಬಂದ ಹೆಂಗಸರಿಗೆ. ಇದಕ್ಕೆ ಹಕ್ಕಲ ಎನ್ನುತ್ತಾರೆ. ಅದನ್ನು ಯಾರೂ ಬೇಡುವುದಿಲ್ಲ, ಯಾರೂ ದಾನ ಕೊಡುವುದಿಲ್ಲ, ಹೋಗಿ ಆಯ್ದುಕೊಂಡು ಬರುವುದು. ಕೊಯ್ಯುವ ದೊಡ್ಡ ಮಶೀನು ಊರಿಗೆ ಬಂದ ಮೇಲೆ ಹುಲ್ಲು ಗದ್ದೆ ತುಂಬ ಚೆಲ್ಲಾಪಿಲ್ಲಿ ಬೀಳತೊಡಗಿತು. ಸಾವಕಾರರಿಗೆ ಅದನ್ನು ಬಳಿದುಕೊಳ್ಳುವ ಪುರುಸೊತ್ತು ಇರಲಿಲ್ಲ. ಕಾಡವ್ವನ ಎಮ್ಮೆ ಮುಂದಿನ ಮಳೆಗಾಲದವರೆಗೆ ಆ ಹುಲ್ಲಿನ ಮೇಲೆಯೇ ಬದುಕುತ್ತಿತ್ತು, ಮನೆ ಎಮ್ಮೆಯ ಹಾಲಿನ ಮೇಲೆ.

ಈ ವರ್ಷ ಸಂಗಪ್ಪನ ಶೆಡ್ಡಿಗೆ ಹೊಸ ಯಂತ್ರ ಬಂತು. ಐದು ದೊಡ್ಡ ಗಾಲಿ, ಗಾಲಿಯ ಸುತ್ತ ಬಾಗಿದ ತಂತಿಯ ಹಲ್ಲು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದರೆ ಗಾಲಿಗಳು ತಾವೇ ತಿರುಗಿ, ಬಿದ್ದ ಹುಲ್ಲನ್ನೆಲ್ಲ ಬಾಚಿ ಒಂದು ಬದಿಗೆ ಉದ್ದನೆಯ ಸಾಲು ಹಾಕುತ್ತವೆ. ಆಮೇಲೆ ಇನ್ನೊಂದು ಯಂತ್ರ ಬಂದು ಆ ಸಾಲನ್ನು ನುಂಗಿ ಪೆಂಡಿ ಕಟ್ಟುತ್ತದೆ. ಪೆಂಡಿಗಳು ಲಾರಿ ಹತ್ತಿ ಧಾರವಾಡದ ಕಡೆಯ ಡೇರಿಗಳಿಗೆ ಹೋಗುತ್ತವೆ. ಊರವರು ಈ ಯಂತ್ರಕ್ಕೆ ಹಣಗಿ, ಅಂದರೆ ಬಾಚಣಿಗೆ, ಎಂದು ಹೆಸರಿಟ್ಟರು. ಹಣಗಿ ಆಡಿಸಿದ ಗದ್ದೆಯಲ್ಲಿ ಕೋಳಿಗೂ ಕೆದರಲು ಏನೂ ಉಳಿಯುತ್ತಿರಲಿಲ್ಲ.

ಸಂಜೆ ಮಗ ಕಾಂತೇಶ ಬಂದ. ಅವನು ಸಂಗಪ್ಪನ ಟ್ರ್ಯಾಕ್ಟರಿಗೆ ಡ್ರೈವರ್. ಕಾಡವ್ವ ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ದೂಡಿದಳು.

“ಉಣ್ಣು. ಅವ್ವನ್ನ ಹೊಲದಾಗಿಂದ ಹೊರಗ ಹಾಕಿ ದಣಿದಿರಬೇಕು.”

“ಯವ್ವಾ, ನನ್ನ ಕೈಯಾಗ ಏನೈತಿ? ನಿಂಗರಾಜ ಬಾಜೂಕ ಕುಂತಿದ್ದ. ಒಂದ ಎಳಿ ಬಿಡಬ್ಯಾಡ ಅಂದ.”

ನಿಂಗರಾಜ ಸಂಗಪ್ಪನ ಮಗ.

“ಎಮ್ಮಿ ಏನ ತಿನ್ನಬೇಕೋ?”

“ಮಾರಿಬಿಡು ಅಂದ.”

“ಯಾರು?”

“ನಿಂಗರಾಜ. ‘ಹುಲ್ಲಿಲ್ದ ಎಮ್ಮಿ ಯಾಕ, ಮಾರಂತ ಹೇಳು ನಿಮ್ಮವ್ವಗ’ ಅಂದ.”

“ಅದನ್ನ ಕೇಳಿಸಿಕೊಂಡು ಗಾಡಿ ಹೊಡದಿ.”

ಕಾಂತೇಶ ತಲೆ ತಗ್ಗಿಸಿ ಪಲ್ಯಕ್ಕೆ ಕೈ ಹಾಕಿದ. ಗಂಗಪ್ಪ ತನ್ನ ರೊಟ್ಟಿಯನ್ನು ಶೇಂಗಾ ಚಟ್ನಿಗೆ ಒತ್ತಿ ಒತ್ತಿ ತಿಂದ. ತಿನ್ನುವ ಸಪ್ಪಳ ಕೇಳಲಾಗದೆ ಕಾಡವ್ವ ಎದ್ದು ಎಮ್ಮೆಯ ಕಡೆ ಹೋದಳು. ಅವಳು ಅವತ್ತು ಉಣ್ಣಲಿಲ್ಲ.

ಒಂದು ವಾರ ಅವಳು ಹಳ್ಳದ ದಂಡೆಯಲ್ಲಿ ಕರಿಕೆ ಹುಲ್ಲು ಕಿತ್ತು ತಂದು ಎಮ್ಮೆಗೆ ಹಾಕಿದಳು. ಬೆರಳುಗಳು ಕೊಯ್ದುಹೋದವು. ಎರಡು ಹೊತ್ತು ಹಾಲು ಕೊಡುತ್ತಿದ್ದ ಎಮ್ಮೆ ಒಂದೇ ಹೊತ್ತು ಕೊಡತೊಡಗಿತು.

ಕಾಂತೇಶನ ಹೆಂಡತಿ ಸಂಘಮಿತ್ರಾ ಕಿತ್ತೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಜನ ಪಹಣಿ ತೆಗೆಸಲು, ಅರ್ಜಿ ತುಂಬಿಸಲು ಬರುತ್ತಾರೆ. ಆ ಶನಿವಾರ ಯಾರೋ ಒಬ್ಬರು ಸರ್ಕಾರದ ಯಂತ್ರ ಸಿಕ್ಕ ರೈತರ ಪಟ್ಟಿಯನ್ನು ತಂದು ನಾಲ್ಕು ಪ್ರತಿ ತೆಗೆಯಲು ಹೇಳಿದರು. ಸಂಘಮಿತ್ರಾ ಐದು ತೆಗೆದಳು. ಐದನೆಯದನ್ನು ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದಳು. ಎಲ್ಲರೂ ಊಟಕ್ಕೆ ಕೂತಿದ್ದರು.

“ಮಾವಾರ, ನಿಮ್ಮ ಹೆಸರಿಲೆ ಒಂದ ಮಶೀನ ಐತಿ. ಗೊತ್ತೈತೇನ್ರಿ?”

ಗಂಗಪ್ಪ ರೊಟ್ಟಿ ಮುರಿಯುತ್ತಿದ್ದ. ಮುರಿಯುತ್ತಲೇ ಇದ್ದ.

“ಎಂಥಾ ಮಶೀನ?” ಎಂದಳು ಕಾಡವ್ವ.

“ಹುಲ್ಲ ಸಾಲ ಹಾಕೂದ್ರಿ, ಅತ್ತಿ. ನಮ್ಮ ಎಸ್ಸಿ ಜನಕ್ಕ ಸರಕಾರ ಹತ್ತರಾಗ ಒಂಬತ್ತ ಪಾಲ ಹಾಕಿ ಕೊಡತೈತಿ. ನೋಡ್ರಿಲ್ಲೆ, ಮಾವಾರ ಹೆಸರು, ನಮ್ಮ ಹಳ್ಳದ ಒಂದ ಎಕರೇದ ಸರ್ವೆ ನಂಬರು. ಸಾವಕಾರ್ರ ಶೆಡ್ಡಿನಾಗ ನಿಂತೈತಲ್ಲ, ಆ ಹಣಗಿ ನಮ್ದು.”

ಕಾಂತೇಶ ತುತ್ತು ಬಾಯಲ್ಲಿಟ್ಟುಕೊಂಡೇ ಅಪ್ಪನ ಮುಖ ನೋಡಿದ. ಯಂತ್ರದ ಮುಂದಿನ ಪಟ್ಟಿಯ ಮೇಲೆ ಒಂದು ಕಡೆ ಮಾತ್ರ ನೀಲಿ ಬಣ್ಣ ದಪ್ಪಗೆ ಬಳಿದದ್ದನ್ನು ಅವನು ದಿನಾ ನೋಡುತ್ತಿದ್ದ. ಯಾಕೆ ಎಂದು ಕೇಳಿರಲಿಲ್ಲ.

“ಯಾವಾಗ ಸಹಿ ಮಾಡಿದಿ?” ಎಂದಳು ಕಾಡವ್ವ.

“ಮಳಿಗಾಲದಾಗ.”

“ನಮಗ ಯಾಕ ಹೇಳಲಿಲ್ಲ?”

“ಹೇಳೂದೇನೈತಿ. ಕೇಳಿದ್ರು, ಮಾಡಿದ್ನಿ.”

“ಏನ ಕೊಟ್ರು?”

“ಏನ ಕೊಡೂದು? ಕುಂದರ್ಸಿ ಮಾತಾಡಿದ್ರು. ಬಾಯಿ ತುಂಬ ‘ಗಂಗಪ್ಪಾ’ ಅಂದ್ರು.”

ಸಂಗಪ್ಪ ಅವನನ್ನು ಹುಟ್ಟಿದಾಗಿನಿಂದ ಗಂಗ್ಯಾ ಎಂದೇ ಕರೆದವನು. ಅವನ ಮಗ ನಿಂಗರಾಜ ಮಾತು ಕಲಿತಾಗಿನಿಂದ ಗಂಗ್ಯಾ ಎಂದೇ ಕೂಗಿದವನು. ಒಂದು ಪೂರ್ತಿ ಹೆಸರಿಗೆ ಈ ಮುದುಕ ಯಂತ್ರ ಕೊಟ್ಟು, ಹೆಂಡತಿಯ ಹುಲ್ಲು ಕೊಟ್ಟು, ಮೇಲೆ ಖುಷಿಪಟ್ಟಿದ್ದ. ಕೇಳುತ್ತಿದ್ದರೆ ಅಸಹ್ಯವಾಗುತ್ತದೆ, ಅಂಥ ಖುಷಿ ಅದು.

ಕಾಂತೇಶ ತಾಟಿನಲ್ಲೇ ಕೈ ತೊಳೆದ. “ನಾಳಿಂದ ನಾ ಅವರ ಗಾಡಿ ಹತ್ತೂದಿಲ್ಲ.”

“ಹುಚ್ಚನಂಗ ಮಾಡಬ್ಯಾಡ,” ಎಂದ ಗಂಗಪ್ಪ. “ಅವರು ಬ್ಯಾರೆ ತಿಳಕೋತಾರ.”

“ತಿಳಕೊಳ್ಳಿ. ನಮ್ಮ ಮಶೀನ ಮ್ಯಾಲ ಕುಂತು ನಮ್ಮವ್ವನ್ನ ಓಡಿಸೇನಿ ನಾ. ಥೂ.”

ಅವನು ನಿಜವಾಗಿಯೂ ಹೋಗಲಿಲ್ಲ. ಸೋಮವಾರದಿಂದ ನಿಂಗರಾಜನೇ ಟ್ರ್ಯಾಕ್ಟರ್ ಓಡಿಸಿದ. ಕಾಂತೇಶ ದೇಗಾಂವದ ಗೆಳೆಯ ಶ್ರೀಶೈಲನ ಜೊತೆ ಇಟ್ಟಂಗಿ ಹೇರುವ ಕೆಲಸಕ್ಕೆ ಹೋಗತೊಡಗಿದ. ಶ್ರೀಶೈಲನಿಗೆ ಸ್ವಂತ ಟ್ರ್ಯಾಕ್ಟರ್ ಇತ್ತು. ಗಂಗಪ್ಪ ಮಾತ್ರ ಎಂದಿನಂತೆ ಬೆಳಗಾದರೆ ಸಾವಕಾರನ ಅಂಗಳ ಗುಡಿಸಲು, ಬದು ಕಾಯಲು ಹೋಗುತ್ತಿದ್ದ. ಮಗ ಕೆಲಸ ಬಿಟ್ಟದ್ದಕ್ಕೆ ಅಲ್ಲಿ ಅವನು ಕ್ಷಮೆ ಕೇಳಿದನೆಂದು ಪಕ್ಕದ ಮನೆಯ ಬಾಯವ್ವ ಬಂದು ಹೇಳಿದಳು. ಅವತ್ತಿನಿಂದ ಕಾಡವ್ವ ಗಂಡನಿಗೆ ತಾಟು ಬಡಿಸಿ ಇಟ್ಟು ಹೊರಗೆ ಹೋಗಿ ಕೂಡುತ್ತಿದ್ದಳು.

ಮೂರನೆಯ ವಾರ ಸಂಗಪ್ಪ ತಾನೇ ಅವರ ಓಣಿಗೆ ಬಂದ. ಆ ಓಣಿಯ ಬಾಯಿಗೆ ಅವನು ಹಿಂದೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಸಂಘಮಿತ್ರಾ ಕುರ್ಚಿ ತಂದಿಟ್ಟಳು. ಅವನು ಕೂಡಲಿಲ್ಲ. ನೀರು ತಂದಳು. “ಈಗ ಕುಡದು ಬಂದೇನವ್ವಾ,” ಎಂದ. ಬಾಗಿಲೊಳಗೆ ಕಾಣುತ್ತಿದ್ದ ಬುದ್ಧನ ಪಟದ ಮೇಲೆ ಅವನ ಕಣ್ಣು ಹೋಗಿ, ಹಾವು ಕಂಡಂತೆ ಬೇಗ ಮರಳಿತು.

“ಗಂಗಪ್ಪಾ, ಮಂಗಳವಾರ ಕೃಷಿ ಇಲಾಖೆ ಸಾಹೇಬ್ರು ಬರ್ತಾರ. ಮಶೀನ ಯಾರ ಕಡೆ ಐತಿ ಅಂತ ನೋಡಿ, ಫೋಟೋ ತಗೊಂಡು ಹೋಗ್ತಾರ. ಸೋಮವಾರ ಮಶೀನ ತಂದು ನಿನ್ನ ಮನಿ ಮುಂದ ನಿಂದರಸ್ತೇವಿ. ಯಾರದು ಅಂತ ಕೇಳಿದ್ರ ನಂದು ಅನ್ನು. ಅಷ್ಟ.”

“ಹೂಂ ರಿ.”

“ಒಮ್ಮಿ ಅನ್ನು ನೋಡೂಣು.”

“ಏನಂತ್ರಿ?”

“ನಂದು ಅಂತ.”

ಗಂಗಪ್ಪ ಟಾವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಹಿಡಿದ. “ನಿಮ್ಮ ಮುಂದ ಹೆಂಗನ್ಲಿರಿ.”

ಸಂಗಪ್ಪ ನಕ್ಕ. ಅವನ ಹಿಂದೆ ನಿಂತಿದ್ದ ನಿಂಗರಾಜನೂ ನಕ್ಕ. ಆ ನಗು ನೋಡಿ ಗಂಗಪ್ಪನೂ ನಕ್ಕ. ಮೂವರಲ್ಲಿ ಯಾರ ನಗು ಹೆಚ್ಚು ಹೇಸಿಗೆ ಎಂದು ಸಂಘಮಿತ್ರಾಳಿಗೆ ಆರಿಸಲಾಗಲಿಲ್ಲ. ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಹಣಗಿ ಮನೆಯ ಮುಂದೆ ಬಂದು ನಿಂತಿತು. ನಿಂಗರಾಜ ಕುಕ್ಕರಗಾಲಲ್ಲಿ ಕೂತು, ಚಿಂದಿಗೆ ಥಿನ್ನರ್ ಹಚ್ಚಿ ಮುಂದಿನ ಪಟ್ಟಿಯ ನೀಲಿ ಬಣ್ಣವನ್ನು ತಿಕ್ಕಿದ. ಅವನೇ ಬಳಿದ ಬಣ್ಣ ಅದು. ಒಂದೊಂದೇ ಅಕ್ಷರ ಕಾಣುತ್ತ ಬಂತು. ಸಂಘಮಿತ್ರಾ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು. “ಗಂಗಪ್ಪ.” ನಿಂಗರಾಜ ಅವಳ ಕಡೆ ನೋಡದೆ ಚಿಂದಿಯನ್ನು ಗಟಾರಿಗೆ ಒಗೆದು ಹೋದ.

ಮಂಗಳವಾರ ಹನ್ನೊಂದರ ಹೊತ್ತಿಗೆ ಸಾಹೇಬ ಮೋಟಾರ್ ಸೈಕಲ್ ಮೇಲೆ ಬಂದ. ಜೊತೆಗೆ ಸಂಗಪ್ಪನೂ ಬಂದು, ತನಗೇನೂ ಸಂಬಂಧವಿಲ್ಲದವನಂತೆ ಬೇವಿನ ಗಿಡದ ಕೆಳಗೆ ನಿಂತ. ಸಾಹೇಬ ಗಂಗಪ್ಪನನ್ನು ಯಂತ್ರದ ಪಕ್ಕ ನಿಲ್ಲಿಸಿ, ಮೊಬೈಲ್ ಹಿಡಿದು ವಿಡಿಯೋ ಚಾಲೂ ಮಾಡಿದ.

“ಹೆಸರು?”

“ಗಂಗಪ್ಪರಿ.”

“ಈ ಮಶೀನ ಯಾರದು?”

ಗಂಗಪ್ಪನ ಕಣ್ಣು ಬೇವಿನ ಗಿಡದ ಕಡೆ ಹೋಯಿತು. ಅರವತ್ತು ವರ್ಷ ಆ ಮನುಷ್ಯನ ಎದುರು ಅವನು ಒಂದು ಬೀಡಿಯನ್ನೂ ತನ್ನದು ಎಂದವನಲ್ಲ. ಎರಡು ಕೈ ಜೋಡಿಸಿದ.

“ಸಾವಕಾರ್ರದರಿ,” ಎಂದ.

ಸಾಹೇಬ ಮೊಬೈಲ್ ಕೆಳಗಿಳಿಸಿದ. ಸಂಗಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಏ ಗಂಗ್ಯಾ,” ಎಂದ, ಹಲ್ಲು ಕಚ್ಚಿ. ಪೂರ್ತಿ ಹೆಸರು ಅಲ್ಲಿಗೇ ಮುಗಿದಿತ್ತು.

“ಇನ್ನೊಮ್ಮಿ ಕೇಳ್ತೇನಿ,” ಎಂದ ಸಾಹೇಬ ಬೇಸರದಿಂದ. “ಸರಿಯಾಗಿ ಹೇಳು. ಇಲ್ಲಂದ್ರ ಮಶೀನ ವಾಪಸ್ ತಗೊಂಡು ಹೋಗ್ಬೇಕಾಗ್ತದ. ಯಾರದು?”

ಗಂಗಪ್ಪನ ತುಟಿಗಳು ಅಲುಗಿದವು. ಕಣ್ಣಲ್ಲಿ ನೀರು ಬಂತು. ಹೆಂಡತಿಯ ಎದುರು, ಸೊಸೆಯ ಎದುರು, ಇಡೀ ಓಣಿಯ ಎದುರು ಅವನು ಕೈ ಜೋಡಿಸಿಕೊಂಡೇ ನಿಂತ.

ಕಾಡವ್ವ ಸೆಗಣಿ ಕೈಯಲ್ಲೇ ಗೋದಲಿಯಿಂದ ಎದ್ದು ಬಂದು ಯಂತ್ರದ ಮುಂದೆ ನಿಂತಳು.

“ಹಿಡೀರಿ ಫೋನು. ನಮ್ದರಿ ಇದು. ಇಂವ ನನ್ನ ಗಂಡ, ಇವನ ಹೆಸರೈತಿ, ಮಶೀನ ನಮ್ಮ ಮನಿದು. ನಮ್ಮ ಮನಿ ಮುಂದ ನಿಂತೈತಿ, ಇಲ್ಲೇ ಇರತೈತಿ. ಹೊಕ್ಕಿತೇನ್ರಿ ಫೋನಿನಾಗ?”

“ಹೊಕ್ಕಿತು,” ಎಂದ ಸಾಹೇಬ. ಕಾಗದದ ಮೇಲೆ ಅವಳ ಹೆಬ್ಬೆಟ್ಟನ್ನೂ ತೆಗೆದುಕೊಂಡು ಹೋದ.

ಸಂಗಪ್ಪ ಬೆವರು ಒರೆಸಿಕೊಂಡು ಹತ್ತಿರ ಬಂದ. “ಶಾಣ್ಯಾಕಿ ಅದಿ ಬಿಡು, ಕಾಡವ್ವಾ. ಸಂಜಿಕ ನಿಂಗರಾಜ ಟ್ರ್ಯಾಕ್ಟರ್ ತಗೊಂಡು ಬರ್ತಾನ.”

“ಯಾಕ್ರಿ?”

“ಮಶೀನ ಒಯ್ಯಾಕ.”

“ನಾ ಸಾಹೇಬ್ರಿಗೆ ಸುಳ್ಳ ಹೇಳಿಲ್ರಿ. ನೀವು ತುಂಬಿದ್ದ ಒಂದ ಪಾಲ ದುಡದು ತಿರುಗಿ ಕೊಡ್ತೇವಿ. ಒಯ್ಯಾಕ ಬರಬ್ಯಾಡ್ರಿ.”

ಸಂಗಪ್ಪ ಅವಳನ್ನು ಬಿಟ್ಟು ಗಂಗಪ್ಪನ ಕಡೆ ನೋಡಿದ. ಗಂಗಪ್ಪ ನೆಲ ನೋಡಿದ.

ಆ ದಿನ ಕಾಂತೇಶ ಕೆಲಸದಿಂದ ಬಂದು ಯಂತ್ರದ ಸುತ್ತ ನಾಲ್ಕು ಸಲ ತಿರುಗಿದ. ಪ್ರತಿ ಗಾಲಿಯನ್ನೂ ಕೈಯಿಂದ ತಿರುಗಿಸಿ ನೋಡಿದ. ಶ್ರೀಶೈಲ ಟ್ರ್ಯಾಕ್ಟರ್ ಕೊಡಲು ಒಪ್ಪಿದ್ದ. ಗುರುವಾರ ದೇಗಾಂವದ ವಿರೂಪಾಕ್ಷನ ಗದ್ದೆಯಲ್ಲಿ ಹುಲ್ಲು ಸಾಲು ಹಾಕುವುದೆಂದು ಮಾತಾಯಿತು.

“ಬಾಚಿದ ಹುಲ್ಲಾಗ ಎರಡ ಹೊರಿ ನಮ್ಮ ಎಮ್ಮಿಗಂತ ಮೊದಲ ಹೇಳೇನಿ, ಯವ್ವಾ,” ಎಂದ.

“ಗದ್ದಿಯಾಗ ನಾಕ ಎಳಿ ಬಿಟ್ಟು ಬಾಚು,” ಎಂದಳು ಕಾಡವ್ವ. “ಅಲ್ಲೀ ಹೆಣ್ಣಮಕ್ಕಳು ಹಕ್ಕಲಕ್ಕ ಬರತಾರ.”

ಬಹಳ ದಿನದ ಮೇಲೆ ಅವಳು ಗೋದಿ ಹುಗ್ಗಿ ಮಾಡಿದಳು. ಗಂಡನಿಗೂ ಎದುರು ಕೂತು ಬಡಿಸಿದಳು. ಗಂಗಪ್ಪ ತಾಟಿನಿಂದ ತಲೆ ಎತ್ತದೆ ಉಂಡ.

ಬುಧವಾರ ಕಾಡವ್ವ ಬಾಯವ್ವನ ಜೊತೆ ಬೇರೆಯವರ ಕಡಲೆ ಹೊಲಕ್ಕೆ ಕಳೆ ತೆಗೆಯಲು ಹೋದಳು. ಕಾಂತೇಶ ದೇಗಾಂವಕ್ಕೆ ಹೋದ, ಸಂಘಮಿತ್ರಾ ಅಂಗಡಿಗೆ ಹೋದಳು. ನಾಲ್ಕರ ಹೊತ್ತಿಗೆ ಕಾಡವ್ವ ಮರಳಿ ಬಂದಾಗ ಮನೆಯ ಮುಂದೆ ಹಣಗಿ ಇರಲಿಲ್ಲ. ಮಣ್ಣಿನಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತು ಇತ್ತು. ಗಂಗಪ್ಪ ಕಟ್ಟೆಯ ಮೇಲೆ ಕೂತು ಕೈಗೆ ಹತ್ತಿದ ಗ್ರೀಸನ್ನು ಮಣ್ಣಿನಿಂದ ತಿಕ್ಕಿಕೊಳ್ಳುತ್ತಿದ್ದ.

“ಯಾರ ಒಯ್ದ್ರು?”

“ಸಾವಕಾರ್ರು ತಾವ ಬಂದಿದ್ರು.”

“ನಿನ್ನ ಕೈಗೆ ಗ್ರೀಸ ಹೆಂಗ ಹತ್ತಿತು?”

“ನಿಂಗರಾಜಗ ಟ್ರ್ಯಾಕ್ಟರಿಗೆ ಹಚ್ಚೂ ಪಿನ್ನ ಕುಂದರವಲ್ದಾಗಿತ್ತು. ನಾ ಕುಂದರಿಸಿ ಕೊಟ್ನಿ.”

ಕಾಡವ್ವ ಕುಡುಗೋಲನ್ನು ಕೆಳಗಿಟ್ಟಳು. ಕೈಯಲ್ಲಿ ಇರಬಾರದು ಅನ್ನಿಸಿತು ಅವಳಿಗೆ.

ಮನೆಯವರೆಲ್ಲ ಬಂದ ಮೇಲೆ ದೊಡ್ಡ ಜಗಳವಾಯಿತು. ಕಾಂತೇಶ ಈಗಲೇ ಹೋಗಿ ತಕರಾರು ಅರ್ಜಿ ಕೊಡುತ್ತೇನೆ ಎಂದ. ಸಂಘಮಿತ್ರಾ ಅಲ್ಲೇ ಕೂತು ಅರ್ಜಿ ಬರೆದಳು. ಯಂತ್ರ ಯಾರ ಹೆಸರಿಗಿದೆಯೋ ಅವರ ಸಹಿ ಬೇಕು ಎಂದು ಹೇಳಿ ಪೆನ್ನನ್ನು ಮಾವನ ಮುಂದೆ ಹಿಡಿದಳು.

“ನಾ ಮಾಡೂದಿಲ್ಲವಾ,” ಎಂದ ಗಂಗಪ್ಪ. “ಅವರ ಉಪ್ಪ ತಿಂದೇನಿ.”

“ನೀ ಅವರ ಉಪ್ಪ ತಿಂದಿ ಅಂತ ನಾವು ಮಣ್ಣ ತಿನ್ನಬೇಕೇನ?” ಎಂದ ಕಾಂತೇಶ.

“ಅವರ ಸಂಗಾಟ ಬಾಳ್ವೆ ಮಾಡಬೇಕೋ.”

“ನಮ್ಮ ಸಂಗಾಟ?” ಎಂದಳು ಕಾಡವ್ವ.

ಗಂಗಪ್ಪ ಪೆನ್ನನ್ನು ಸೊಸೆಯ ಕಡೆ ದೂಡಿದ.

ಮರುದಿನ ಗುರುವಾರ. ವಿರೂಪಾಕ್ಷನ ಗದ್ದೆಗೆ ಬೇರೆ ಯಾರೋ ಹೋದರು. ಕಾಡವ್ವ ಹಗ್ಗ ಹೆಗಲಿಗೆ ಹಾಕಿಕೊಂಡು ಸೀದಾ ಸಂಗಪ್ಪನ ಗದ್ದೆಗೆ ನಡೆದಳು. ದಂತಾಳ ಒಯ್ಯಲಿಲ್ಲ. ನಿಂಗರಾಜ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಹಿಂದೆ ಹಣಗಿ ತಿರುಗುತ್ತಿತ್ತು, ಹುಲ್ಲು ಒಳ್ಳೆ ಉದ್ದ ಸಾಲಾಗಿ ಬಿದ್ದಿತ್ತು. ಬದುವಿನ ಮೇಲೆ ಸಂಗಪ್ಪ ನಿಂತಿದ್ದ, ಅವನ ನೆರಳಿನಲ್ಲಿ ಗಂಗಪ್ಪ ನಿಂತಿದ್ದ. ಆಚೆ ಬಾಯವ್ವ ಮತ್ತು ಒಂದಿಬ್ಬರು ಹೆಂಗಸರು ಏನಾದರೂ ಉಳಿದೀತೇ ಎಂದು ಕಾಯುತ್ತ ಕೂತಿದ್ದರು.

ಕಾಡವ್ವ ಸಾಲಿನ ಪಕ್ಕ ಹಗ್ಗ ಹಾಸಿದಳು. ಸಾಲಿನಿಂದಲೇ ತೆಕ್ಕೆಗಟ್ಟಲೆ ಹುಲ್ಲು ಎತ್ತಿ ಹಗ್ಗದ ಮೇಲೆ ಒಟ್ಟತೊಡಗಿದಳು.

“ಏ, ಸಾಲಿಗೆ ಕೈ ಹಚ್ಚಬ್ಯಾಡ,” ಎಂದು ಸಂಗಪ್ಪ ಕೂಗಿದ. “ಹಕ್ಕಲ ಏನಿದ್ರೂ ಆಮ್ಯಾಲ.”

“ಹಕ್ಕಲ ಆಯಾಕ ಬಂದಿಲ್ರಿ ನಾ. ಮಶೀನ ನಮ್ದು, ನೀವು ತಂದೀರಿ. ಅದರ ಬಾಡಿಗಿ ಒಯ್ಯಾಕ ಬಂದೇನಿ. ಇವತ್ತ ಒಂದ ಹೊರಿ. ಮಶೀನ ನಿಮ್ಮ ಗದ್ದಿಯಾಗ ತಿರಗೂ ತನಾ ದಿನಾ ಒಂದ ಹೊರಿ.”

“ತಲಿ ಕೆಟ್ಟೈತೇನ ನಿನಗ?”

“ಸಾಹೇಬ್ರ ಫೋನಿನಾಗ ನನ್ನ ಮಾತೈತ್ರಿ. ನನ್ನ ಹೆಬ್ಬಟ್ಟೂ ಐತಿ. ಫೋನ ಹಚ್ಚಿ ಕೇಳ್ರಿ.”

ಸಂಗಪ್ಪ ಫೋನ್ ಹಚ್ಚಲಿಲ್ಲ. ನಿಂಗರಾಜ ಟ್ರ್ಯಾಕ್ಟರ್ ನಿಲ್ಲಿಸಿದ, ಆದರೆ ಇಳಿಯಲಿಲ್ಲ. ಕಾಡವ್ವ ಹೊರೆಯನ್ನು ಮೊಣಕಾಲಿನಿಂದ ಒತ್ತಿ ಬಿಗಿದು ಗಂಟು ಹಾಕಿದಳು. ದೊಡ್ಡ ಹೊರೆ. ಒಬ್ಬರಿಂದ ತಲೆಗೇರುವಂಥದ್ದಲ್ಲ.

“ಬಾ, ಹೊರಸು,” ಎಂದು ಗಂಡನನ್ನು ಕರೆದಳು.

ಗಂಗಪ್ಪ ಸಂಗಪ್ಪನ ಮುಖ ನೋಡಿದ.

“ಇಲ್ಲಿ ನೋಡು. ನಾ ಕರದೇನಿ, ಅವರಲ್ಲ. ಹೊರಿಗೆ ಒಂದ ಕೈ ಹಚ್ಚು.”

ಅವನು ಒಂದು ಹೆಜ್ಜೆ ಇಟ್ಟ. “ಗಂಗಪ್ಪಾ,” ಎಂದ ಸಂಗಪ್ಪ, ಮೆಲ್ಲಗೆ. ಗಂಗಪ್ಪ ನಿಂತ. ನಿಂತವನು ಹೆಂಡತಿಗೆ ಹೇಳಿದ, “ಬಿಚ್ಚಿ ಇಟ್ಟು ಬಾ. ಯಾಕ ಬೇಕ ಸುಮ್ನ.”

ಕಾಡವ್ವನಿಗೆ ಸಂಗಪ್ಪನ ಮೇಲೆ ಇದ್ದ ಸಿಟ್ಟು ಆ ಗಳಿಗೆಯಲ್ಲಿ ಸಣ್ಣದಾಗಿ ಕಂಡಿತು. ಅವನು ಕಸಿದುಕೊಳ್ಳುವವನು, ಅದು ಅವನ ಕಸುಬು. ಈತ ಮಾತ್ರ ತನ್ನ ಮನೆಯ ಅನ್ನವನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟು, ಕೊಟ್ಟೆನೆಂದು ಮೈ ಮುದುಡಿ ನಿಲ್ಲುವವನು. ಇವನ ಜೊತೆ ಮೂವತ್ತೈದು ವರ್ಷ ಒಂದೇ ಕಂಬಳಿಯಲ್ಲಿ ಮಲಗಿದೆನಲ್ಲ ಎಂದು ಅವಳಿಗೆ ತನ್ನ ಮೈ ಮೇಲೆಯೇ ಹೇಸಿಗೆ ಬಂತು.

ಬಾಯವ್ವ ಬದುವಿನಿಂದ ಎದ್ದು, ಸೀರೆ ಕಚ್ಚೆ ಬಿಗಿದು, ಗದ್ದೆ ದಾಟಿ ಬಂದಳು. ಯಾರ ಮುಖವನ್ನೂ ನೋಡದೆ ಹೊರೆಯ ಒಂದು ಬದಿ ಹಿಡಿದು, “ಏಳ ಯಕ್ಕಾ,” ಎಂದು ಎತ್ತಿದಳು. ಕಾಡವ್ವ ಹೊರೆ ಹೊತ್ತುಕೊಂಡು ನಿಂತ ಟ್ರ್ಯಾಕ್ಟರಿನ ಮುಂದಿನಿಂದಲೇ ಹಾದುಹೋದಳು.

ಸಂಜೆ ಎಮ್ಮೆ ಗೋದಲಿ ತುಂಬ ಹುಲ್ಲು ಕಂಡು ತೊರೆ ಬಿಟ್ಟಿತು. ಕಾಡವ್ವ ಹಾಲು ಹಿಂಡಿ ತಂದು ಚಹಾಕ್ಕೆ ಇಟ್ಟಳು. ಮಗನಿಗೆ, ಸೊಸೆಗೆ, ಬಾಯವ್ವನಿಗೆ ಹಾಲು ಹಾಕಿ ಕೊಟ್ಟಳು. ಗಂಗಪ್ಪನ ಮುಂದೆ ಕರೇ ಚಹಾದ ಲೋಟ ಇಟ್ಟಳು.

“ಹಾಲು?” ಎಂದ ಅವನು.

“ಎಮ್ಮಿ ಇವತ್ತಿನ ಹೊರಿ ತಿಂದು ಹಾಲ ಕೊಟ್ಟೈತಿ. ಆ ಹೊರಿ ನಮ್ದು ಅನ್ನು, ಹಾಕ್ತೇನಿ.”

ಅವಳು ಹಾಲಿನ ಚರಿಗೆ ಹಿಡಿದು ಎದುರಿಗೆ ಕೂತಳು. ಕಾಂತೇಶ, ಸಂಘಮಿತ್ರಾ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಮನೆಯಲ್ಲಿ ಹೊರಗಿನವರೆಂದರೆ ಬಾಯವ್ವ ಒಬ್ಬಳೇ. ಗಂಗಪ್ಪ ಬಾಯಿ ತೆರೆದ. ಬಾಗಿಲ ಕಡೆಗೊಮ್ಮೆ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಬಾಯಿ ಮುಚ್ಚಿ, ಲೋಟ ಎತ್ತಿಕೊಂಡು ಕರೇ ಚಹಾ ಕುಡಿದ.